ಕೆಮ್ಮಿಕೊಂತ ನಡೀರಿ

ಕಾಡಿನಲ್ಲಿ ಸದ್ದು ಮಾಡಬಾರದು ಅಂತ ಎಲ್ಲರ ಹಾಗೆ ನಾನೂ ನಂಬಿದ್ದೆ. ನಮ್ಮ ಸಂಡೂರಿನ ಗುಡ್ಡದಲ್ಲಿ, ಹರಿಶಂಕರ ಗುಡಿಯ ಹತ್ತಿರ ದನ ಬಿಡುವ ತಾತ ಮೊದಲ ದಿನವೇ ನನ್ನನ್ನು ತಡೆದು ನಿಲ್ಲಿಸಿದ. ಬೆಳಗಿನ ಐದೂವರೆ ಇರಬೇಕು. ಟಾರ್ಚು ಆರಿಸಿಕೊಂಡು, ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಹೊರಟಿದ್ದೆ.

"ಯಾಕ್ರೀ ಕಳ್ಳನಂಗ ಹೊಂಟೀರಿ? ಕೆಮ್ಮಿಕೊಂತ ನಡೀರಿ. ನೀವು ಬರೋದು ಕರಡಿಗೆ ಗೊತ್ತಾಗ್ಬೇಕು. ಗೊತ್ತಾದ್ರ ಅದು ತನ್ನ ದಾರಿ ಹಿಡಿತೈತಿ. ಗೊತ್ತಾಗ್ಲಿಲ್ಲಂದ್ರ ನಿಮ್ಮ ದಾರಿ ಹಿಡಿತೈತಿ."

ಅವತ್ತಿನಿಂದ ಮೂರು ವರ್ಷ, ಕೆಮ್ಮುತ್ತಲೇ ನಡೆಯುತ್ತಿದ್ದೇನೆ. ತಿರುವು ಬಂದಲ್ಲಿ ಎರಡು ಸಲ ಕೆಮ್ಮು, ಪೊದೆ ದಟ್ಟವಾದಲ್ಲಿ ಕೋಲಿನಿಂದ ಕಲ್ಲಿಗೊಂದು ಬಡಿತ. ಬೆಂಗಳೂರಿನಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ ಒಂದು ದಿನ ಜೊತೆಗೆ ಬಂದ. "ಸೈಲೆನ್ಸ್ ಎಂಜಾಯ್ ಮಾಡೋಣ ಅಂತ ಬಂದ್ರೆ ನೀವೇನು ಭಾವ, ಟಿಬಿ ವಾರ್ಡಿನಲ್ಲಿ ಇದ್ದಂಗೆ ಕೆಮ್ಮುತ್ತೀರಿ" ಅಂದ. ಹತ್ತು ನಿಮಿಷ ಬಿಟ್ಟು, ದಾರಿ ಪಕ್ಕದಲ್ಲಿ ಕರಡಿ ಬಗೆದುಹಾಕಿದ್ದ ಹುತ್ತವನ್ನು ತೋರಿಸಿದೆ. ಮಣ್ಣು ಇನ್ನೂ ಹಸಿಯಾಗಿತ್ತು. ಆಮೇಲೆ ಅವನ ಕೆಮ್ಮು ನನ್ನದಕ್ಕಿಂತ ಜೋರಾಯಿತು.

ನಾನು ಸಂಡೂರಿನವನು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿ ಇದೆ. ಈಗ ಝೆರಾಕ್ಸಿಗಿಂತ ಆನ್‌ಲೈನ್ ಅರ್ಜಿ, ಆಧಾರ್ ಪ್ರಿಂಟು, ಪಹಣಿ, ಪರೀಕ್ಷೆ ಫೀಸು ಇವೇ ಹೆಚ್ಚು. ದಿನಕ್ಕೆ ಹನ್ನೆರಡು ತಾಸು ಕುರ್ಚಿ. ನಲವತ್ತು ದಾಟಿದ್ದೇ ತಡ, ಸಕ್ಕರೆ ಬಂತು. ದಿನಾ ಮುಕ್ಕಾಲು ತಾಸು ನಡೀರಿ ಅಂದರು ಡಾಕ್ಟರು. ಊರೊಳಗೆ ನಡೆದು ನೋಡಿದೆ, ಹತ್ತು ಹೆಜ್ಜೆಗೊಬ್ಬ ಗಿರಾಕಿ ಸಿಕ್ಕು "ನನ್ನ ಅರ್ಜಿ ಏನಾತಣ್ಣ" ಅಂತ ಹಿಡಿದು ನಿಲ್ಲಿಸುವವರೇ. ಹಾಗಾಗಿ ಗುಡ್ಡ. ಭಕ್ತಿ ಅಂತಲೋ ಪ್ರಕೃತಿಪ್ರೇಮ ಅಂತಲೋ ಹೇಳಿಕೊಂಡರೆ ಚೆನ್ನಾಗಿರುತ್ತಿತ್ತು. ಆದರೆ ಗಿರಾಕಿಗಳಿಂದ ತಪ್ಪಿಸಿಕೊಳ್ಳಲು ಹುಡುಕಿಕೊಂಡ ದಾರಿ ಅದು.

ಕುಮಾರಸ್ವಾಮಿ ಗುಡ್ಡದ ಕಡೆ ಹೊರಟರೆ ಹರಿಶಂಕರ ಸಿಗುತ್ತದೆ. ಗುಡಿ, ಗುಡಿಯ ಪಕ್ಕ ಹರಿಯುವ ಊಟೆ ನೀರು. ಅಲ್ಲಿ ಗಾಡಿ ನಿಲ್ಲಿಸಿ, ಭಕ್ತರು ನಡೆಯುವ ಕಾಲುದಾರಿ ಹಿಡಿಯುತ್ತೇನೆ. ದಾರಿಯ ಎರಡೂ ಕಡೆ ಮೀಸಲು ಅರಣ್ಯ. ಅದರೊಳಗೆ ಅನುಮತಿ ಇಲ್ಲದೆ ನುಗ್ಗುವ ಹಾಗಿಲ್ಲ, ನುಗ್ಗುವ ಧೈರ್ಯ ನನಗೂ ಇಲ್ಲ. ಪೂರ್ತಿ ಮೇಲಕ್ಕೆ, ಗುಡಿಯವರೆಗೆ ಹೋಗುವುದು ಅಮಾವಾಸ್ಯೆಗೋ ಹುಣ್ಣಿಮೆಗೋ. ಬಾಕಿ ದಿನ ಅರ್ಧ ಗುಡ್ಡ ಹತ್ತಿ, ಒಂದು ಚಪ್ಪಟೆ ಬಂಡೆ ಇದೆ, ಅಲ್ಲಿ ಕೂತು ಇಳಿದುಬಿಡುವುದು. ಏಳೂವರೆಗೆ ಊರಲ್ಲಿ ಒಗ್ಗರಣೆ ಮಿರ್ಚಿ. ಮಿರ್ಚಿಯ ವಿಷಯ ಡಾಕ್ಟರಿಗೆ ಗೊತ್ತಿಲ್ಲ.

ಬಳ್ಳಾರಿ ಅಂದ ಕೂಡಲೇ ಹೊರಗಿನವರಿಗೆ ಕಾಣುವುದು ಬಿಸಿಲು, ಬೋಳು ಬಂಡೆಗುಡ್ಡ. ಬಳ್ಳಾರಿ ಊರಿನ ಮಟ್ಟಿಗೆ ಅದು ಸುಳ್ಳೂ ಅಲ್ಲ, ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಂಡರೆ ಹೆಚ್ಚು. ಸಂಡೂರಿನ ಲೆಕ್ಕ ಬೇರೆ. ಎರಡು ಸಾಲು ಗುಡ್ಡ, ನಡುವೆ ಬಟ್ಟಲಿನಂಥ ಕಣಿವೆ, ಕಣಿವೆಯಲ್ಲಿ ಊರು. ನಾರಿಹಳ್ಳ ಓಬಳಗಂಡಿಯ ಸೀಳಿನಲ್ಲಿ ಒಳಗೆ ಬಂದು ಭೀಮಗಂಡಿಯ ಸೀಳಿನಲ್ಲಿ ಆಚೆ ಹೋಗುತ್ತದೆ. ಗುಡ್ಡದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್. ರಾಮಗಡದ ಮೇಲೆ ಬ್ರಿಟಿಷರು ತಮ್ಮ ಸೈನಿಕರಿಗೆ ಆರೋಗ್ಯಧಾಮ ಕಟ್ಟಿಕೊಂಡಿದ್ದರು. ಬಳ್ಳಾರಿಯ ದಂಡಿನಲ್ಲಿ ಬೆಂದವರನ್ನು ಆರಿಸಲು ತಂದು ಹಾಕುತ್ತಿದ್ದ ಜಾಗ. 2021ರಲ್ಲಿ ಜಿಲ್ಲೆ ಒಡೆದು ವಿಜಯನಗರ ಬೇರೆಯಾದಾಗ ಹಂಪಿ, ಹೊಸಪೇಟೆ, ತುಂಗಭದ್ರಾ ಡ್ಯಾಮು ಎಲ್ಲಾ ಆಚೆ ಹೋದವು, ಸಂಡೂರು ಬಳ್ಳಾರಿಗೇ ಉಳಿಯಿತು. ಅಣ್ತಮ್ಮರ ಪಾಲಿನಲ್ಲಿ ತಾಯಿಯನ್ನು ಇಟ್ಟುಕೊಂಡವನ ಹಾಗೆ ಬಳ್ಳಾರಿ ಈ ಹಸಿರನ್ನು ಇಟ್ಟುಕೊಂಡಿದೆ.

ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕು ಅಂತ ಗಾಂಧೀಜಿ ಹೇಳಿದರಂತೆ. 1934ರಲ್ಲಿ ಅವರು ಇಲ್ಲಿಗೆ ಬಂದದ್ದಂತೂ ನಿಜ. ಆಗಿನ ಸಂಡೂರು ಸಂಸ್ಥಾನದ ಗುಡಿಗಳ ಬಾಗಿಲು ಅದಾಗಲೇ ದಲಿತರಿಗೆ ತೆರೆದಿತ್ತು, ಅದನ್ನು ಮೆಚ್ಚಿಕೊಂಡಿದ್ದರು. ಸೆಪ್ಟೆಂಬರಿನ ಮಾತನ್ನು ಊರಿನಲ್ಲಿ ಹೇಳದವರಿಲ್ಲ. ನನ್ನ ಹೆಂಡತಿ ಮಾತ್ರ, "ಗುಡಿ ಎಲ್ಲರಿಗೂ ತೆರದ್ರು ಅಂತೀರಿ, ಕುಮಾರಸ್ವಾಮಿ ಹತ್ರ ಹೆಂಗಸ್ರನ್ನ ಯಾವ ಸೆಪ್ಟೆಂಬರಿಗೆ ಬಿಡ್ತೀರಿ?" ಅಂತ ಕೇಳುತ್ತಾಳೆ. ತಾಯಿಯ ಮೇಲೆ ಮುನಿಸಿಕೊಂಡ ಮಗ ಕುಡಿದ ಹಾಲನ್ನೆಲ್ಲಾ ಇಲ್ಲೇ ಕಕ್ಕಿದ, ಅದೇ ಬಿಳಿ ಮಣ್ಣಾಯಿತು, ಅದೇ ವಿಭೂತಿ, ಅದಕ್ಕೇ ಹೆಂಗಸರ ಮುಖ ನೋಡುವುದಿಲ್ಲ ಅನ್ನುವುದು ನಮ್ಮ ಕಡೆಯ ಕಥೆ. ಪಕ್ಕದಲ್ಲೇ ಅವ್ವ ಪಾರ್ವತಿಯ ಗುಡಿ, ಬಾದಾಮಿ ಚಾಲುಕ್ಯರ ಕಾಲದ್ದು. ಸಾವಿರದ ಇನ್ನೂರು ವರ್ಷಕ್ಕೂ ಮಿಕ್ಕಿ ಮಗ ಮುನಿಸಿಕೊಂಡೇ ಕೂತಿದ್ದಾನೆ, ಅವ್ವ ಪಕ್ಕದಲ್ಲೇ ಕಾಯುತ್ತಿದ್ದಾಳೆ. ಹೆಂಡತಿಗೆ ನನ್ನ ಬಳಿ ಉತ್ತರವಿಲ್ಲ.

ನನ್ನ ನಡಿಗೆ ಕಣ್ಣಿನದಲ್ಲ, ಕಿವಿಯದು. ಐದೂಕಾಲಿಗೆ ಏನೂ ಕಾಣುವುದಿಲ್ಲ. ಮೊದಲು ಊಟೆ ನೀರಿನ ಸದ್ದು ಹಿಂದೆ ಬೀಳುತ್ತದೆ. ಆಮೇಲೆ ಜೀರುಂಡೆ. ದಾರಿಯ ಮೇಲೇ ಕೂತ ನತ್ತಿಂಗ ಹಕ್ಕಿ ಕಾಲ ಹತ್ತಿರ ಬಂದ ಮೇಲೆ ಸದ್ದಿಲ್ಲದೆ ಎದ್ದು ಹೋಗುತ್ತದೆ, ಎದೆ ಒಮ್ಮೆ ಧಸಕ್ ಅನ್ನುತ್ತದೆ. ಸ್ವಲ್ಪ ಬೆಳಕು ಹರಿಯುವ ಹೊತ್ತಿಗೆ ಕೌಜುಗ ಶುರುಮಾಡುತ್ತದೆ. ಒಂದು ಕೂಗಿದರೆ ಎದುರು ಗುಡ್ಡದಲ್ಲಿ ಇನ್ನೊಂದು. ನವಿಲು ಸೆಪ್ಟೆಂಬರಿನಲ್ಲಿ ಅಷ್ಟಾಗಿ ಕೂಗುವುದಿಲ್ಲ. ಗಂಡುಗಳು ಗರಿ ಉದುರಿಸಿಕೊಂಡು ಬೋಳಾಗುವ ಕಾಲ, ನಾಚಿಕೆಯೋ ಏನೋ. ಹುಲ್ಲು ಮೊಣಕಾಲುದ್ದ ಬೆಳೆದು ಪ್ಯಾಂಟು ತೊಡೆಯವರೆಗೆ ಒದ್ದೆ. ಬೆಳಕು ಬಂದ ಮೇಲೆ ದಿಂಡಿಗದ ಬಿಳಿ ಕಾಂಡ, ಮುತ್ತುಗದ ಅಗಲ ಎಲೆ, ಪೊದೆಗೆ ಹಬ್ಬಿಕೊಂಡು ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಹೂ ಬಿಟ್ಟ ಅಗ್ನಿಶಿಖೆ. ಅದರ ಗೆಡ್ಡೆ ವಿಷ, ಮುಟ್ಟಬೇಡ ಅಂತ ಸಣ್ಣವನಿದ್ದಾಗ ಅಮ್ಮ ಕೈಮೇಲೆ ಹೊಡೆದಿದ್ದಳು. ಈಗಲೂ ಮುಟ್ಟುವುದಿಲ್ಲ.

ಹೋದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ ದಾರಿಯ ನಟ್ಟನಡುವೆ ಕರಡಿಯ ಲದ್ದಿ ಬಿದ್ದಿತ್ತು. ಹಸಿಯದು. ಯಾರಿಗಾದರೂ ಅಸಹ್ಯ ಅನ್ನಿಸಬಹುದು, ನಾನು ಮೊಣಕಾಲೂರಿ ಕೂತು ಕೋಲಿನಿಂದ ಬಿಡಿಸಿ ನೋಡಿದೆ. ಕರ್ರಗೆ ಒಂದು ಹಿಡಿಯಷ್ಟು ಮುದ್ದೆ. ಅದರೊಳಗೆ ಗೆದ್ದಲಿನ ತಲೆಗಳು ಸಾಸಿವೆ ಕಾಳಿನ ಹಾಗೆ, ಮಣ್ಣು, ಮತ್ತೆ ಸೀತಾಫಲದ ಬೀಜ. ಎಣಿಸಿದೆ, ಮೂವತ್ತೆರಡು. ಒಂದೂ ಒಡೆದಿರಲಿಲ್ಲ. ತೊಳೆದಿಟ್ಟ ಹಾಗೆ ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಹಣ್ಣು ನುಂಗಿ, ಗುಡ್ಡ ದಾಟಿ, ಗೊಬ್ಬರದ ಸಮೇತ ಬೀಜ ನೆಟ್ಟು ಹೋಗಿದೆ ಪುಣ್ಯಾತ್ಮ. ನಮ್ಮ ಗುಡ್ಡದಲ್ಲಿ ಇಷ್ಟೊಂದು ಸೀತಾಫಲ ಯಾರು ಹಾಕಿದರು ಅಂತ ಚಿಕ್ಕಂದಿನಿಂದ ಇದ್ದ ಅನುಮಾನ ಅವತ್ತು ಸ್ವಲ್ಪ ಬಗೆಹರಿಯಿತು.

ಕರಡಿಯ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಗೆ ತುಟಿ ಕೊಳವೆ ಮಾಡಿ ಹುತ್ತದೊಳಗಿನ ಗೆದ್ದಲನ್ನು ಸೊರ್ರನೆ ಎಳೆಯುತ್ತದೆ. ಬೆಳಗಿನ ಜಾವ ಆ ಸದ್ದು ಎಷ್ಟೋ ದೂರ ಕೇಳುತ್ತದೆ. ಬಿಸಿ ಚಹಾವನ್ನು ಸಾಸರಿನಲ್ಲಿ ಕುಡಿಯುವ ನಮ್ಮ ದೊಡ್ಡಪ್ಪನ ಸದ್ದು ನೆನೆಸಿಕೊಳ್ಳಿ, ಅದರ ಹತ್ತುಪಟ್ಟು. ನಾನು ಒಂದೇ ಸಲ ಕೇಳಿದ್ದೇನೆ. ಅವತ್ತು ಕೆಮ್ಮಲಿಲ್ಲ, ಕೆಮ್ಮು ಬರಲೂ ಇಲ್ಲ, ಬಂದ ದಾರಿಯಲ್ಲಿ ಹಿಂದಕ್ಕೆ ಇಳಿದೆ. ದರೋಜಿ ಕರಡಿಧಾಮ ಇಲ್ಲಿಂದ ಬಹಳ ದೂರವೇನಿಲ್ಲ, 1994ರಲ್ಲಿ ಆದದ್ದು, ಈಗ 80 ಚದರ ಕಿಲೋಮೀಟರಿಗೂ ಹೆಚ್ಚಿದೆ. ಅಲ್ಲಿ ಸಂಜೆ ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿಗಳನ್ನು ದುರ್ಬೀನಿನಲ್ಲಿ ತೋರಿಸುತ್ತಾರೆ. ನಮ್ಮ ಗುಡ್ಡದ ಕರಡಿಗೆ ಬೆಲ್ಲವಿಲ್ಲ, ಬೋರ್ಡೂ ಇಲ್ಲ.

ನಾನು ಕೂರುವ ಬಂಡೆಯ ಪಕ್ಕ ಉದುರಿದ ಕಲ್ಲುಗಳಿವೆ. ಒಂದನ್ನು ಎತ್ತಿ ನೋಡಿ, ಕೈ ಕೆಳಕ್ಕೆ ಜಗ್ಗುತ್ತದೆ. ಅದೇ ಗಾತ್ರದ ಗ್ರಾನೈಟ್ ಕಲ್ಲಿಗಿಂತ ಎಷ್ಟೋ ಹೆಚ್ಚು ತೂಕ. ಮುರಿದ ಮೈಯಲ್ಲಿ ಪಟ್ಟಿ ಪಟ್ಟಿ, ಒಂದು ಕೆಂಪು, ಒಂದು ಉಕ್ಕಿನ ಬೂದು, ಮತ್ತೆ ಕೆಂಪು. ಲಂಬಾಣಿ ಅವ್ವಂದಿರು ಬಟ್ಟೆಯ ಮೇಲೆ ಹಾಕುವ ಹೊಲಿಗೆಯ ಹಾಗೆ ಅಷ್ಟು ನೇರ. ಸುಮಾರು 270 ಕೋಟಿ ವರ್ಷದ ಹಿಂದೆ ಇದು ಕಡಲತಳ. ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ಪದರ ಪದರವಾಗಿ ಕೆಳಗೆ ಕೂತದ್ದು ಈ ಕಲ್ಲು. ಸುತ್ತಲಿನ ಮೆತ್ತನೆಯ ಕಲ್ಲು ಮಳೆಗಾಳಿಗೆ ಸವೆದು ಹೋಯಿತು, ಗಟ್ಟಿಯಾದ ಈ ಪಟ್ಟೆಕಲ್ಲು ನಿಂತೇ ಉಳಿಯಿತು. ಅದೇ ಗುಡ್ಡ. ಗುಡ್ಡ ಎತ್ತರ ಇದ್ದದ್ದಕ್ಕೆ ಮೋಡ ತಡೆಯಿತು, ಮೋಡ ತಡೆದದ್ದಕ್ಕೆ ಕಾಡಾಯಿತು. ಕಾಡು ಬೇರೆ, ಕಬ್ಬಿಣ ಬೇರೆ, ಮನುಷ್ಯರು ಬಂದು ಕಾಡಿನ ಕೆಳಗೆ ಕಬ್ಬಿಣ ಕಂಡುಹಿಡಿದರು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಕಬ್ಬಿಣವಿರುವುದಕ್ಕೇ ಕಾಡಿದೆ. ಇದು ಗೊತ್ತಾದ ಮೇಲೆ ನನಗೆ ಈ ಜಾಗದ ಮೇಲೆ ಒಂದು ಥರ ಮರುಕ ಹುಟ್ಟಿತು. ಯಾವುದರಿಂದ ಬದುಕಿತೋ ಅದಕ್ಕೇ ಅದರ ಮೇಲೆ ಎಲ್ಲರ ಕಣ್ಣು.

ಇನ್ನು ಆ ದಿನಗಳ ವಿಷಯಕ್ಕೆ ಬರಲೇಬೇಕು. ಸಂಡೂರಿನವನು ಕಾಡಿನ ಬಗ್ಗೆ ಬರೆದು ಮೈನ್ಸ್ ಬಗ್ಗೆ ಬರೆಯದಿದ್ದರೆ ಉಪ್ಪಿಲ್ಲದ ಸಾರು ಬಡಿಸಿದ ಹಾಗೆ.

ದೋಣಿಮಲೈಯಲ್ಲಿ ಸರ್ಕಾರಿ ಗಣಿ 1977ರಲ್ಲೇ ಶುರುವಾಗಿತ್ತು. ಅದರ ಸೈರನ್ನು, ಅದರ ಬಸ್ಸು, ಅದರ ಕಾಲೊನಿ ಎಲ್ಲಾ ನಮಗೆ ಒಗ್ಗಿಹೋಗಿತ್ತು. 2000 ದಾಟಿದ ಮೇಲೆ ಬಂದದ್ದೇ ಬೇರೆ. ಚೀನಾದಲ್ಲಿ ಒಲಿಂಪಿಕ್ಸ್ ಅಂತೆ, ಅಲ್ಲಿ ಕಟ್ಟಡ ಕಟ್ಟುತ್ತಾರಂತೆ, ಅದಕ್ಕೆ ನಮ್ಮ ಕೆಂಪು ಮಣ್ಣು ಬೇಕಂತೆ. ಟನ್ನಿಗೆ ನೂರರ ಲೆಕ್ಕದಲ್ಲಿದ್ದ ಅದಿರು ಸಾವಿರದ ಲೆಕ್ಕಕ್ಕೆ ಏರಿತು. ಹೊಲದಲ್ಲಿ ಕಬ್ಬಿಣದ ಕಲ್ಲು ಸಿಕ್ಕವರು ಜೋಳ ಬಿತ್ತುವುದು ಬಿಟ್ಟು ಹೊಲವನ್ನೇ ಅಗೆದು ಕೊಟ್ಟರು. ಹೆಂಗಸರು ಮಕ್ಕಳು ಸುತ್ತಿಗೆ ಹಿಡಿದು ಕಲ್ಲು ಒಡೆದು ಆರಿಸುತ್ತಿದ್ದರು. ಲಾರಿಗಳು ಬೇಲೆಕೇರಿಗೆ, ಕೃಷ್ಣಪಟ್ಟಣಕ್ಕೆ, ಮಂಗಳೂರಿಗೆ ಹೊರಟವು. ಹಗಲು ರಾತ್ರಿ ಅನ್ನದೆ ಒಂದರ ಬಾಲಕ್ಕೊಂದು. ರಸ್ತೆ ಪಕ್ಕದ ಮರದ ಎಲೆಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು, ಅಷ್ಟು ಧೂಳು. ಬಿಳಿ ಅಂಗಿ ಹಾಕುವುದನ್ನು ಊರಿಗೆ ಊರೇ ಬಿಟ್ಟಿತ್ತು. ನಮ್ಮ ಮನೆಯ ನಾಗೊಂದಿಗೆ ಮೇಲಿನ ಸ್ಟೀಲ್ ಲೋಟಗಳು ಲಾರಿ ಹೋದಾಗಲೆಲ್ಲಾ ಕಿಣಿಕಿಣಿ ಅನ್ನುತ್ತಿದ್ದವು. ಅಮ್ಮ ಒಂದು ಹಳೇ ಸೀರೆಯನ್ನು ಮಡಚಿ ಅವುಗಳ ಕೆಳಗೆ ಹಾಸಿದಳು.

ನಾನು? ನಾನು ಚೆನ್ನಾಗಿದ್ದೆ. ಲಾರಿಗೊಂದು ಪರ್ಮಿಟ್, ಪರ್ಮಿಟ್ಟಿಗೆ ನಾಲ್ಕು ಝೆರಾಕ್ಸ್. ರಾತ್ರಿ ಹನ್ನೊಂದಕ್ಕೂ ಅಂಗಡಿ ಮುಂದೆ ಕ್ಲೀನರ್ ಹುಡುಗರ ಸಾಲು. ಒಂದು ಮಷೀನು ಇದ್ದದ್ದು ಮೂರಾಯಿತು. ಆ ಕಾಗದಗಳಲ್ಲಿ ಯಾವುದು ಅಸಲಿ ಯಾವುದು ನಕಲಿ ಅಂತ ನಾನು ಯಾವತ್ತೂ ಕೇಳಲಿಲ್ಲ. ಝೆರಾಕ್ಸ್ ಅಂಗಡಿಯವನ ಕೈಗೆ ಬಂದದ್ದೆಲ್ಲಾ ನಕಲೇ ಆಗುವುದಲ್ಲವೇ. ಇದನ್ನು ಜೋಕಿನ ಹಾಗೆ ಎಷ್ಟೋ ಕಡೆ ಹೇಳಿದ್ದೇನೆ. ಬಂಡೆ ಮೇಲೆ ಒಬ್ಬನೇ ಕೂತಾಗ ಮಾತ್ರ ಅದು ಜೋಕು ಅನ್ನಿಸುವುದಿಲ್ಲ.

ಅಣ್ಣ ಡ್ರೈವರು. 2005ರಲ್ಲಿ ಫೈನಾನ್ಸ್ ಮಾಡಿಸಿ ಸ್ವಂತ ಟಿಪ್ಪರ್ ತಂದ. 2007ರಲ್ಲಿ ಇನ್ನೊಂದು, ಅದಕ್ಕೆ ಮನೆಯ ಕಾಗದ, ಅತ್ತಿಗೆಯ ಬಂಗಾರ ಎರಡೂ ಹೋದವು. ಆಗ ಅವನ ಹಾಗೆ ಗಾಡಿ ಓಡಿಸುವವರು ಕಡಿಮೆ. ಅವನ ಕಿವಿಯ ವಿಷಯ ಹೇಳಬೇಕು. ರಾತ್ರಿ ಊಟಕ್ಕೆ ಕೂತು, ತುತ್ತು ಬಾಯಿಗೆ ಇಡುತ್ತಾ, ಹೊರಗೆ ಹೋಗುವ ಲಾರಿಯನ್ನು ನೋಡದೆ ಹೇಳುತ್ತಿದ್ದ: ಖಾಲಿ, ಲೋಡು, ಕ್ಲಚ್ ಹೋಗೈತಿ, ಹೊಸಾ ಹುಡುಗ ಓಡಿಸ್ತಾನ. "ಹೆಂಗೆ ಗೊತ್ತಾಗ್ತೈತಣ್ಣ?" ಅಂದರೆ, "ಖಾಲಿ ಗಾಡಿ ಬಾಯಿ ಬಡ್ಕೊಂತ ಹೋಗ್ತೈತಿ. ಲೋಡ್ ಗಾಡಿ ಉಸುರು ಬಿಗಿ ಹಿಡ್ದಿರ್ತೈತಿ" ಅನ್ನುತ್ತಿದ್ದ. ನಾನು ಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದೆ. ಒಂದು ಸಲವೂ ತಪ್ಪಿದ್ದಿಲ್ಲ.

2011ರ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆಯ ಮೇಲೆ ಲೋಕಾಯುಕ್ತ ವರದಿ ಬಂತು. ಎರಡು ದಿನ ಬಿಟ್ಟು, 29ನೇ ತಾರೀಖು, ಶುಕ್ರವಾರ, ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮರುದಿನ ಬೆಳಗಿನ ಜಾವ ನನಗೆ ಎಚ್ಚರವಾಯಿತು. ಏನೋ ಸದ್ದಾಗಿ ಎಚ್ಚರವಾಗಿರಬೇಕು ಅಂತ ಸ್ವಲ್ಪ ಹೊತ್ತು ಕಿವಿಗೊಟ್ಟು ಮಲಗಿದ್ದೆ. ಅಡಿಗೆಮನೆಯಲ್ಲಿ ಅಮ್ಮನೂ ಎದ್ದು ನಾಗೊಂದಿಗೆ ಕಡೆ ಮುಖಮಾಡಿ ನಿಂತಿದ್ದಳು. ಲೋಟಗಳು ಸುಮ್ಮನಿದ್ದವು. ಆಮೇಲೆ ಬಹಳ ದೂರದಲ್ಲಿ, ಗುಡ್ಡದ ಕಡೆಯಿಂದ, ಒಂದು ನವಿಲು ಕೂಗಿತು. ಊರೊಳಗೆ ನವಿಲಿನ ಕೂಗು ಕೇಳಿ ಎಷ್ಟು ವರ್ಷವಾಗಿತ್ತೋ.

ನವಿಲಿನ ಕೂಗು ಎಷ್ಟು ಚೆಂದ ಅಂತ ಬರೆಯಬಹುದು. ಅದೇ ಹೊತ್ತಿಗೆ ಪಡಸಾಲೆಯಲ್ಲಿ ಅಣ್ಣ ಕೂತು, ತಿಂಗಳ ಕಂತಿನ ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು, ಅದೇ ಕೂಗನ್ನು ಕೇಳಿಸಿಕೊಳ್ಳುತ್ತಿದ್ದ ಅನ್ನುವುದನ್ನೂ ಬರೆಯಬೇಕಾಗುತ್ತದೆ.

ಒಂದು ಟಿಪ್ಪರನ್ನು ಫೈನಾನ್ಸಿನವರು ರಾತ್ರೋರಾತ್ರಿ ಎಳೆದುಕೊಂಡು ಹೋದರು. ಇನ್ನೊಂದು ತಾರಾನಗರದ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಎರಡು ಮಳೆಗಾಲ ನಿಂತಿತ್ತು. ಮೊದಲು ಬ್ಯಾಟರಿ ಹೋಯಿತು, ಆಮೇಲೆ ಟೈರು, ಆಮೇಲೆ ಕ್ಯಾಬಿನ್ನಿನಲ್ಲಿ ನಾಯಿ ಮರಿ ಹಾಕಿತು. ಕೊನೆಗೆ ಗುಜರಿಯವನು ಬಂದು ಕೇಜಿ ಲೆಕ್ಕದಲ್ಲಿ ತೂಗಿಸಿಕೊಂಡು ಹೋದ. ಆರು ವರ್ಷ ಕಬ್ಬಿಣ ಹೊತ್ತ ಗಾಡಿ ಕಬ್ಬಿಣದ ರೇಟಿಗೇ ಹೋಯಿತು. ನನ್ನ ಮೂರು ಮಷೀನಿನಲ್ಲಿ ಎರಡನ್ನು ನಾನೂ ಮಾರಿದೆ. ಆದರೆ ನನ್ನದು ಕಾಗದದ ವ್ಯಾಪಾರ. ಗಣಿ ಮುಚ್ಚಿದ ಮೇಲೆ ಪರಿಹಾರ, ಅರ್ಜಿ, ಕೋರ್ಟು ಅಂತ ಬೇರೆ ಕಾಗದ ಬಂದವು. ಮುಳುಗಿದ್ದು ಅಣ್ಣ. ಈಗ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಹದಿನಾಲ್ಕು ಮಕ್ಕಳು, ಎರಡು ಟ್ರಿಪ್ಪು.

2013ರ ಏಪ್ರಿಲಿನಲ್ಲಿ ಕೋರ್ಟು ತಪ್ಪು ಕಡಿಮೆಯಿದ್ದ ಗಣಿಗಳಿಗೆ ಮತ್ತೆ ಬಾಗಿಲು ತೆಗೆಯಿತು, ಹೆಚ್ಚು ತಪ್ಪು ಮಾಡಿದವುಗಳ ಗುತ್ತಿಗೆ ರದ್ದಾಯಿತು. ಬಳ್ಳಾರಿಗೆ ವರ್ಷಕ್ಕೆ ಎರಡೂವರೆ ಕೋಟಿ ಟನ್ ಮಿತಿ ಹಾಕಿದರು. 2022ರಲ್ಲಿ ಅದನ್ನು ಮೂರೂವರೆ ಕೋಟಿಗೆ ಏರಿಸಿದರು. ಹಾಗಾಗಿ ನಾನು ನಡೆಯುವ ಗುಡ್ಡ ಪೂರ್ತಿ ಸುಮ್ಮನಿದೆ ಅಂದರೆ ತಪ್ಪಾಗುತ್ತದೆ. ಬೆಳಗಾದ ಮೇಲೆ ಕೆಳಗಿನ ರಸ್ತೆಯಲ್ಲಿ ಲಾರಿಗಳು ಶುರುವಾಗುತ್ತವೆ, ಎದುರು ಸಾಲಿನ ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು ಗಾಯ ಬಿಸಿಲಿಗೆ ಕಾಣುತ್ತದೆ. ನನ್ನದು ಅದಕ್ಕೂ ಮುಂಚಿನ ಒಂದು ತಾಸು. ಪ್ರವಾಸಕ್ಕೆ ಬಂದವರು ಇಲ್ಲಿನ ಮೌನ ಅನಾದಿಯಿಂದ ಹೀಗೇ ಇದೆ ಅಂದುಕೊಂಡು ಫೋಟೊ ಹಾಕುತ್ತಾರೆ. ಈ ಮೌನಕ್ಕೆ ತಾರೀಖಿದೆ, ಆದೇಶದ ನಂಬರಿದೆ. ಒಬ್ಬೊಬ್ಬರ ಮನೆಯಲ್ಲಿ ಅದಕ್ಕೊಂದೊಂದು ಲೆಕ್ಕವೂ ಇದೆ.

ದೇವದಾರಿ ಗುಡ್ಡದಲ್ಲಿ ಹೊಸ ಗಣಿಗೆ ಹೆಚ್ಚುಕಡಿಮೆ ಒಂದು ಲಕ್ಷ ಮರ ಹೋಗುತ್ತವೆ ಅಂತ 2024ರಲ್ಲಿ ಸುದ್ದಿ ಎದ್ದಾಗ, ಅಂಗಡಿಗೆ ಮನವಿ ಪತ್ರ ಟೈಪ್ ಮಾಡಿಸಲು ಹುಡುಗರು ಬಂದಿದ್ದರು. ದುಡ್ಡು ತೆಗೆದುಕೊಳ್ಳದೆ ಮಾಡಿಕೊಟ್ಟೆ. ಗುಡ್ಡ ಉಳಿಯಬೇಕು ಅನ್ನುವುದರಲ್ಲಿ ನನಗೆ ಎರಡು ಮನಸ್ಸಿಲ್ಲ. ಆದರೆ ಹಾಗೆ ಹೇಳುವಾಗ ಅಣ್ಣ ಎದುರಿಗಿದ್ದರೆ ನಾನು ಕಂಪ್ಯೂಟರ್ ಪರದೆ ನೋಡಿಕೊಂಡು ಹೇಳುತ್ತೇನೆ.

ಮೂರು ವರ್ಷದಲ್ಲಿ ಎಷ್ಟು ಸಲ ಕರೆದಿದ್ದೇನೋ. "ಬಾರಣ್ಣ ಒಂದು ದಿನ. ನಿನಗೂ ಬಿಪಿ ಐತಿ." ಅವನದು ಒಂದೇ ಮಾತು: "ಆ ಗುಡ್ಡದಾಗ ನಾನು ನಡೀಲಾರೆ. ಏನಿದ್ರೂ ಗಾಡಿಮ್ಯಾಲೆ ಹತ್ತಿದೋನು." ಒಮ್ಮೆ ಮಾತ್ರ, ಯಾಕೋ ಮೆತ್ತಗಾಗಿ, "ಈಗ ಅಲ್ಲಿ ಹೆಂಗೈತಿ?" ಅಂತ ಕೇಳಿದ. ಹೇಗೆ ಹೇಳಲಿ? ಹಸಿರಾಗಿದೆ ಅಂದೆ. ಮರುದಿನ ಮೊಬೈಲು ಬಂಡೆ ಮೇಲಿಟ್ಟು, ರೆಕಾರ್ಡಿಂಗ್ ಒತ್ತಿ, ನಾನು ಹತ್ತು ಹೆಜ್ಜೆ ದೂರ ಹೋಗಿ ಕೂತೆ. ಕೆಮ್ಮು ಬಂದರೂ ತಡೆದುಕೊಂಡೆ. ನಾಲ್ಕು ನಿಮಿಷ. ಅವತ್ತಿನ ಅದೃಷ್ಟ, ಎದುರೂಬದುರು ಗುಡ್ಡದಿಂದ ಎರಡು ಕೌಜುಗ ಜಿದ್ದಿಗೆ ಬಿದ್ದು ಕೂಗಿದವು. ನಡುವೆ ಹಳದಿ ಕೊರಳಿನ ಪಿಕಳಾರ ಒಂದು ಬಂದು ಹತ್ತಿರದ ಪೊದೆಯಲ್ಲಿ ಸರಸರ ನುಡಿದು ಹೋಯಿತು. ದಕ್ಷಿಣದ ಇಂಥ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಇರದ ಹಕ್ಕಿ ಅದು. ಬಂಡೆಗೆ ಇಬ್ಬನಿ ತೊಟ್ಟಿಕ್ಕುವುದೂ ಕೇಳುತ್ತಿತ್ತು. ಅದಕ್ಕಿಂತ ಶುದ್ಧವಾದ ಬೆಳಗನ್ನು ಹಿಡಿದಿಡಲು ಸಾಧ್ಯವಿಲ್ಲ ಅಂದುಕೊಂಡೆ.

ಮಧ್ಯಾಹ್ನ ಮಕ್ಕಳನ್ನು ಇಳಿಸಿ ಬಂದ ಅಣ್ಣ ಅಂಗಡಿಯಲ್ಲಿ ಚಹಾಕ್ಕೆ ಕೂತಾಗ ಅವನ ಕಿವಿಗೆ ಇಯರ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿಕೊಂಡ. ಲೋಟ ಕೈಯಲ್ಲೇ ಇತ್ತು, ಚಹಾದ ಮೇಲೆ ಕೆನೆ ಕಟ್ಟಿತು. ನಾಲ್ಕು ನಿಮಿಷ ಅಲುಗಾಡಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಈಗ ಕೌಜುಗ ಬಂದಿರಬೇಕು, ಈಗ ಪಿಕಳಾರ ಅಂತ.

ಇಯರ್‌ಫೋನ್ ತೆಗೆದು ಟೇಬಲ್ ಮೇಲಿಟ್ಟ.

"ಹಿಂದ್ಗಡೆ ಒಂದು ಟಿಪ್ಪರ್ ಐತಲ್ಲ" ಅಂದ. "ಲೋಡ್ ಗಾಡಿ. ಎರಡನೇ ಗೇರಿನಾಗ ಇಳಿಯಾಕತ್ತೈತಿ. ಚೊಲೋ ಡ್ರೈವರ್ ಅವ."

ನಾನು ಮತ್ತೆ ಹಾಕಿಕೊಂಡು ಕೇಳಿದೆ. ವಾಲ್ಯೂಮ್ ಪೂರ್ತಿ ಏರಿಸಿದೆ. ನನಗೆ ಕೌಜುಗ ಮಾತ್ರ ಕೇಳಿಸಿತು.